‘ಒಪ್ಪಿದೆ’ ಅನ್ನೋದಕ್ಕೆ ಒಂಬತ್ತು ಪದ: ಆಫೀಸ್ ಇಂಗ್ಲಿಷ್ ಕಲಿಕೆಯ ಆರು ತಿಂಗಳು

ಆಫೀಸಿನ ಇಂಗ್ಲಿಷ್ ಕಲಿಯಲು ನಾವು ಕೆಲವರು ಕೂತ ಆರು ತಿಂಗಳಲ್ಲಿ ಮೊದಲ ಎರಡು ವಾರ ಹಾಳಾಗಿದ್ದು ಪದಗಳ ಪಟ್ಟಿಯಿಂದ. ಮೊಬೈಲಿಗೆ ಬರುವ ‘ದಿನಕ್ಕೊಂದು ಕಠಿಣ ಪದ’ಗಳಲ್ಲಿ ಗ್ರಿಗೇರಿಯಸ್, ಲೊಕ್ವೇಷಸ್, ಎಫೆಮರಲ್ ಇಂಥವೇ ಜಾಸ್ತಿ. ಪ್ರವೇಶ ಪರೀಕ್ಷೆಗೆ ಕೂರುವವರಿಗೆ ಅವು ಬೇಕು, ಬೇಡ ಅನ್ನುವಂತಿಲ್ಲ. ಆದರೆ ಆಫೀಸಿನ ಇನ್‌ಬಾಕ್ಸಿಗೆ ಹೋಗಿ ಸರ್ಚ್ ಹಾಕಿದರೆ ವರ್ಷದ ಮೇಲ್‌ಗಳಲ್ಲಿ ಒಂದು ಸಲವೂ ಸಿಗಲಿಲ್ಲ. ಅದೇ ಇನ್‌ಬಾಕ್ಸಿನಲ್ಲಿ ಟೆಂಟಟಿವ್, ಡಿಸ್ಕ್ರೆಪೆನ್ಸಿ, ಕಂಟಿಂಜೆನ್ಸಿ, ಎಕ್ಸ್‌ಪಿಡೈಟ್, ರೆಕನ್ಸೈಲ್, ಫೀಸಿಬಲ್ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತವೆ. ಓದುವಾಗ ಗೊತ್ತಿದೆ ಅನಿಸುತ್ತದೆ, ಬರೆಯಲು ಕೂತರೆ ಕೈಗೆ ಬರುವುದಿಲ್ಲ. ಕಲಿಯಬೇಕಾದ್ದು ಈ ನಡುವಿನ ಪದಗಳನ್ನು. ಗೊತ್ತೇ ಇಲ್ಲದ ಪದಕ್ಕಿಂತ ಅರ್ಧ ಗೊತ್ತಿರುವ ಪದಕ್ಕೆ ಶ್ರಮ ಕಮ್ಮಿ, ಉಪಯೋಗ ಜಾಸ್ತಿ.

ಹಾಗಾಗಿ ಮೂರನೇ ವಾರ ಹೆಕ್ಕುವ ಕೆಲಸಕ್ಕೇ ಇಟ್ಟೆವು. ಆಫೀಸಿನಲ್ಲಿ ಚೆನ್ನಾಗಿ ಬರೆಯುವವರು ಅಂತ ಇಬ್ಬರೋ ಮೂವರೋ ಇದ್ದೇ ಇರುತ್ತಾರೆ. ಅವರ ಹಳೆಯ ಮೇಲ್‌ಗಳು, ಮೀಟಿಂಗಿನ ಮಿನಿಟ್ಸ್, ಕ್ಲೈಂಟ್ ಕಳಿಸಿದ ಡಾಕ್ಯುಮೆಂಟ್ ತೆಗೆದುಕೊಂಡು, ‘ಇದನ್ನ ನಾನಾಗಿದ್ರೆ ಬೇರೆ ಥರ, ಉದ್ದಕ್ಕೆ ಬರೀತಿದ್ದೆ’ ಅನ್ನಿಸಿದ ಕಡೆಗೆಲ್ಲ ಗೆರೆ ಎಳೆಯುವುದು. ಪದ ಮಾತ್ರ ಅಲ್ಲ, ಅದರ ಅಕ್ಕಪಕ್ಕದ ಮೂರು ನಾಲ್ಕು ಪದ ಸೇರಿಸಿ. ಒಂದು ಪದ ಬೇರೆ ಬೇರೆ ಮೇಲ್‌ಗಳಲ್ಲಿ ಮೂರು ಸಲ ಸಿಕ್ಕರೆ ಪಟ್ಟಿಗೆ ಸೇರುತ್ತದೆ, ಇಲ್ಲದಿದ್ದರೆ ಇಲ್ಲ. ಹೀಗೆ ಮಾಡಿದರೆ ಅಕೌಂಟ್ಸಿನವರ ಪಟ್ಟಿಯೂ ಟೆಸ್ಟಿಂಗಿನವರ ಪಟ್ಟಿಯೂ ಬೇರೆ ಬೇರೆ ಆಗುತ್ತವೆ, ಆಗಬೇಕಾದ್ದೂ ಹಾಗೆಯೇ. ಅಕ್ರೂವಲ್ (ದುಡ್ಡು ಕೈ ಬದಲಾಗುವ ಮೊದಲೇ ಲೆಕ್ಕಕ್ಕೆ ಸೇರಿಸುವುದು) ಅನ್ನುವುದು ಒಬ್ಬರಿಗೆ ದಿನನಿತ್ಯದ ಪದ, ಇನ್ನೊಬ್ಬರಿಗೆ ಭಾರ.

ತಯಾರಾಗಿರುವ ಪಟ್ಟಿ ಬೇಕೇ ಬೇಕು ಅನ್ನುವವರಿಗೆ ಒಂದಿದೆ, ಭರವಸೆಯಿಂದ ಹಿಡಿಯಬಹುದು. ನ್ಯೂಜಿಲೆಂಡಿನ ವೆಲಿಂಗ್ಟನ್‌ನಲ್ಲಿ ಭಾಷಾ ಸಂಶೋಧಕಿ ಆವ್ರಿಲ್ ಕಾಕ್ಸ್‌ಹೆಡ್ ಸಿದ್ಧಮಾಡಿ 2000ದಲ್ಲಿ ಪ್ರಕಟಿಸಿದ ಅಕಾಡೆಮಿಕ್ ವರ್ಡ್ ಲಿಸ್ಟ್. ಅದರಲ್ಲಿ 570 ಪದಕುಟುಂಬಗಳಿವೆ (ಅಸೆಸ್, ಅಸೆಸ್‌ಮೆಂಟ್ ತರಹ ಒಂದೇ ಮೂಲದ ಪದಗಳ ಗುಂಪು), ಹತ್ತು ಭಾಗ. ಮೊದಲ ಒಂಬತ್ತರಲ್ಲಿ ಅರವತ್ತರಂತೆ, ಕೊನೆಯದರಲ್ಲಿ ಮೂವತ್ತು. ಅಸೆಸ್, ಅಸ್ಯೂಮ್, ಬೆನಿಫಿಟ್, ಕಾನ್ಸೆಪ್ಟ್ ತರಹದ ಪದಗಳು ಮೊದಲ ಭಾಗದಲ್ಲೇ ಇವೆ. ಹೆಸರು ಅಕಾಡೆಮಿಕ್ ಆದರೂ ರಿಪೋರ್ಟು, ಪ್ರಪೋಸಲ್ಲುಗಳ ಭಾಷೆ ಹೆಚ್ಚುಕಮ್ಮಿ ಇದೇ. ಮೊದಲ ಮೂರು ಭಾಗದ 180 ಪದಗಳಿಗೆ ಟಿಕ್ ಹಾಕುತ್ತಾ ಹೋದರೆ ಯಾವುದು ಕೈಗೆ ಬರುತ್ತದೆ, ಯಾವುದು ಬರುವುದಿಲ್ಲ ಅಂತ ಒಂದು ಗಂಟೆಯಲ್ಲಿ ಗೊತ್ತಾಗುತ್ತದೆ.

ಪದಗಳನ್ನು ಎಣಿಸಿ, ಬಳಕೆ ನೋಡಿ ಪಟ್ಟಿ ಮಾಡುವ ಈ ಕೆಲಸಕ್ಕೆ ನಮ್ಮ ದೇಶದ ನಂಟೂ ಇದೆ. 1953ರಲ್ಲಿ ಸುಮಾರು 2000 ಪದಗಳ ಜನರಲ್ ಸರ್ವಿಸ್ ಲಿಸ್ಟ್ ಹೊರತಂದ ಮೈಕೆಲ್ ವೆಸ್ಟ್, ಬ್ರಿಟಿಷರ ಕಾಲದಲ್ಲಿ ಢಾಕಾದಲ್ಲಿ ಶಿಕ್ಷಣ ಇಲಾಖೆಯ ಕೆಲಸದಲ್ಲಿದ್ದವರು. ಬಂಗಾಳಿ ಮಕ್ಕಳು ಇಂಗ್ಲಿಷ್ ಓದಲು ಯಾಕೆ ಒದ್ದಾಡುತ್ತಾರೆ ಅಂತ ನೋಡುತ್ತಾ ಅವರು ಈ ದಾರಿ ಹಿಡಿದದ್ದು.

ಎಷ್ಟು ಪದ ಬೇಕು ಅನ್ನುವ ಪ್ರಶ್ನೆಗೂ ಒಂದು ಲೆಕ್ಕ ಉಂಟು. ಪದಕಲಿಕೆಯ ಸಂಶೋಧಕ ಪಾಲ್ ನೇಷನ್ 2006ರಲ್ಲಿ ಹೇಳಿದಂತೆ ಪತ್ರಿಕೆ, ಕಾದಂಬರಿ ಓದಿ ನೂರಕ್ಕೆ ತೊಂಬತ್ತೆಂಟು ಪದ ಗೊತ್ತಿರಬೇಕಾದರೆ ಎಂಟರಿಂದ ಒಂಬತ್ತು ಸಾವಿರ ಪದಕುಟುಂಬ ಬೇಕು. ಮಾತು ಕೇಳಿ ಅರ್ಥ ಮಾಡಿಕೊಳ್ಳಲು ಆರರಿಂದ ಏಳು ಸಾವಿರ. ಈ ಸಂಖ್ಯೆ ನೋಡಿ ಗಾಬರಿಯಾಗುವುದು ಬೇಡ, ಅದು ಓದಿ, ಕೇಳಿ ಅರ್ಥ ಮಾಡಿಕೊಳ್ಳುವ ಲೆಕ್ಕ. ಬರೆಯಲು, ಮಾತಾಡಲು ಇಳಿಸಬೇಕಾದ್ದು ಅದಕ್ಕಿಂತ ತುಂಬ ಕಮ್ಮಿ. ದಿನಕ್ಕೆ ಐದು, ವಾರಕ್ಕೆ ಐದು ದಿನ ಅಂದರೆ ಆರು ತಿಂಗಳಿಗೆ 650. ಹಬ್ಬ, ರಜೆ, ಕ್ವಾರ್ಟರ್ ಎಂಡ್ ಗಲಾಟೆ ಕಳೆದು 500 ಅಂದುಕೊಳ್ಳಿ, ಅಷ್ಟು ಸಾಕು.

ಐದೇ ಯಾಕೆ? ಲೆಕ್ಕ ಹಾಕಿ ನೋಡಿ. ಒಂದು ಪದವನ್ನು ಕಲಿತ ಮಾರನೇ ದಿನ, ಆಮೇಲೆ 3, 7, 16, 35ನೇ ದಿನ ಮತ್ತೆ ನೋಡಬೇಕು ಅಂತಿಟ್ಟುಕೊಂಡರೆ ಪ್ರತಿ ಪದಕ್ಕೂ ಐದು ಭೇಟಿ. ದಿನಾ ಐದು ಹೊಸ ಪದ ಸೇರಿಸುತ್ತಾ ಹೋದರೆ ಐದು ವಾರ ಕಳೆಯುವಷ್ಟರಲ್ಲಿ ದಿನಕ್ಕೆ ಇಪ್ಪತ್ತೈದು ಹಳೆಯ ಕಾರ್ಡು (ಪದಕ್ಕೊಂದರಂತೆ ಕಾಗದದಲ್ಲೋ ಮೊಬೈಲ್ ಆ್ಯಪ್‌ನಲ್ಲೋ ಬರೆದಿಟ್ಟ ಚೀಟಿ) ಎದುರಿಗೆ ನಿಲ್ಲುತ್ತವೆ. ಕಾರ್ಡಿಗೆ ಇಪ್ಪತ್ತು ಸೆಕೆಂಡ್ ಹಿಡಿದರೆ ಎಂಟು ನಿಮಿಷ ಚಿಲ್ಲರೆ, ಮೆಟ್ರೋದಲ್ಲಿ ಮೂರು ನಾಲ್ಕು ಸ್ಟೇಷನ್ ದಾಟುವಷ್ಟು ಹೊತ್ತು. ದಿನಕ್ಕೆ ಹದಿನೈದು ಅಂತ ಹುರುಪಿನಲ್ಲಿ ಶುರುಮಾಡಿದರೆ ಅದೇ ಎಪ್ಪತ್ತೈದು ಕಾರ್ಡು, ಇಪ್ಪತ್ತೈದು ನಿಮಿಷ, ಮರೆತುಹೋದವು ಬೇರೆ. ಮೊದಲ ವಾರ ಹದಿನೈದು ಸಲೀಸು ಅನಿಸುತ್ತದೆ, ಯಾಕೆಂದರೆ ಹಳೆಯದು ಇನ್ನೂ ವಾಪಸ್ ಬಂದಿಲ್ಲ. ನಾಲ್ಕನೇ ವಾರ ಬಾಕಿ ಬೆಟ್ಟವಾಗುತ್ತದೆ, ಐದನೇ ವಾರ ಆ್ಯಪ್ ತೆರೆಯಲು ಭಯವಾಗುತ್ತದೆ. ಬಿಟ್ಟುಬಿಡುವವರಲ್ಲಿ ಹೆಚ್ಚಿನವರು ಬಿಡುವುದು ಇಲ್ಲೇ. ಅವರಿಗೆ ಜ್ಞಾಪಕಶಕ್ತಿ ಕಮ್ಮಿ ಅಂತಲ್ಲ, ಗುಣಾಕಾರ ಕೈಕೊಟ್ಟಿತು ಅಷ್ಟೇ.

ಅಂತರ ಬಿಟ್ಟು ನೋಡುವ ಈ ಕ್ರಮ ಹೊಸದೇನಲ್ಲ. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬ್ಬಿಂಗ್‌ಹಾಸ್ ತನ್ನ ಮೇಲೆ ತಾನೇ ಪ್ರಯೋಗ ಮಾಡಿಕೊಂಡು, ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿ ಮರೆವಿನ ಲೆಕ್ಕ ಬರೆದದ್ದು 1885ರಲ್ಲಿ. ಕಾರ್ಡುಗಳನ್ನು ಐದು ಖಾನೆಯ ಡಬ್ಬಿಯಲ್ಲಿಟ್ಟು ಸರಿಯಾದರೆ ಮುಂದಿನ ಖಾನೆಗೆ, ತಪ್ಪಾದರೆ ಮೊದಲನೆಯದಕ್ಕೆ ಅನ್ನುವ ಉಪಾಯವನ್ನು ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಜನರಿಗೆ ತಲುಪಿಸಿದ. ಇದಕ್ಕೆ ಹಳೆಯ ಸಿಹಿ ಡಬ್ಬಿ, ರಟ್ಟಿನ ತಡಿಕೆ ಸಾಕು. ಮೊಬೈಲಿನಲ್ಲಿ ಬೇಕೆಂದರೆ ಇದೇ ಕೆಲಸ ಮಾಡುವ ಆಂಕಿ ಅನ್ನುವ ಆ್ಯಪ್ ಇದೆ. ಆಂಡ್ರಾಯ್ಡಿನಲ್ಲಿ ಪುಕ್ಕಟೆ, ಐಫೋನಿನ ಆ್ಯಪ್‌ಗೆ ದುಡ್ಡು. ಆಂಕಿ ಹಾಕಿಕೊಂಡ ಕೂಡಲೇ ಮಾಡಬೇಕಾದ ಒಂದು ಕೆಲಸ: ಅದು ತಾನಾಗಿ ದಿನಕ್ಕೆ 20 ಹೊಸ ಕಾರ್ಡ್ ಕೊಡುವಂತೆ ಹೊಂದಿಸಿರುತ್ತದೆ, ಅದನ್ನು 5ಕ್ಕೆ ಇಳಿಸಿ. ಬೇರೆಯವರು ಮಾಡಿಟ್ಟ ಸಾವಿರ ಕಾರ್ಡಿನ ಕಟ್ಟನ್ನು ಇಳಿಸಿಕೊಳ್ಳಬೇಡಿ. ಕಾರ್ಡು ಬರೆಯುವಾಗಲೇ ಅರ್ಧ ಕಲಿಕೆ ಆಗಿರುತ್ತದೆ.

ಕಾರ್ಡಿನಲ್ಲಿ ಏನಿರಬೇಕು ಅನ್ನುವುದನ್ನು ಮೂರು ಸಲ ಬದಲಾಯಿಸಿದೆವು. ಮೊದಲು ಒಂದು ಕಡೆ ಇಂಗ್ಲಿಷ್ ಪದ, ಇನ್ನೊಂದು ಕಡೆ ಕನ್ನಡ ಅರ್ಥ. ‘ಮಿಟಿಗೇಟ್’ ಅಂದರೆ ‘ಕಡಿಮೆ ಮಾಡು’. ಕಾರ್ಡು ನೋಡಿದರೆ ಉತ್ತರ ಬರುತ್ತದೆ, ಸರಿ. ಆದರೆ ಅದೇ ವಾರ ಒಬ್ಬರು ‘ಮಿಟಿಗೇಟ್ ದ ಪ್ರೈಸ್’ ಅಂತ ಬರೆದರು. ಬೆಲೆಯನ್ನು ಮಿಟಿಗೇಟ್ ಮಾಡಲು ಆಗುವುದಿಲ್ಲ. ರಿಸ್ಕು, ಪರಿಣಾಮ, ಹಾನಿ ಇಂಥ ಕೆಟ್ಟದ್ದರ ತೀವ್ರತೆಯನ್ನು ಮಾತ್ರ ಮಿಟಿಗೇಟ್ ಮಾಡುವುದು. ಕನ್ನಡ ಅರ್ಥ ತಪ್ಪಿರಲಿಲ್ಲ, ಅದು ಅಗಲವಾಗಿತ್ತು. ಎರಡನೇ ಸಲ ಇಂಗ್ಲಿಷ್ ವಿವರಣೆ ಬರೆದೆವು, ಅದು ಓದಲು ಬೇಜಾರು.

ಮೂರನೆಯದು ಉಳಿದುಕೊಂಡಿತು. ಮುಂದಿನ ಕಡೆ ಕನ್ನಡದಲ್ಲಿ ನಮ್ಮದೇ ಕೆಲಸದ ಒಂದು ಸಂದರ್ಭ: ‘ಶುಕ್ರವಾರ ರಿಲೀಸ್. ಸರ್ವರ್ ಕೈಕೊಟ್ಟರೆ ಅಂತ ಇನ್ನೊಂದು ಸರ್ವರ್ ರೆಡಿ ಇಟ್ಟಿದ್ದೀವಿ. ಅಪಾಯ ಪೂರ್ತಿ ಹೋಗಲ್ಲ, ಪೆಟ್ಟು ಕಮ್ಮಿ ಬೀಳುತ್ತೆ. ಕ್ಲೈಂಟಿಗೆ ಹೇಗೆ ಹೇಳ್ತೀರಿ?’ ಹಿಂದಿನ ಕಡೆ ಪೂರ್ತಿ ತುಣುಕು: ‘ಟು ಮಿಟಿಗೇಟ್ ದ ರಿಸ್ಕ್, ವಿ ಹ್ಯಾವ್ ಎ ಬ್ಯಾಕಪ್ ಸರ್ವರ್ ಇನ್ ಪ್ಲೇಸ್.’ ಕೆಳಗೆ ಚಿಕ್ಕದಾಗಿ ಆ ಪದದ ಜೊತೆಗಾರರು: ರಿಸ್ಕ್, ಇಂಪ್ಯಾಕ್ಟ್, ಎಫೆಕ್ಟ್ಸ್. ಮತ್ತೊಂದು ಎಚ್ಚರಿಕೆ: ಇದರ ಪಕ್ಕ ‘ಅಗೇನ್‌ಸ್ಟ್’ ಬರಕೂಡದು, ಅದು ‘ಮಿಲಿಟೇಟ್’ ಅನ್ನುವ ಬೇರೆ ಪದದ ಜೊತೆಗಾರ. ಒಂದು ಕಾರ್ಡಿಗೆ ನಾಲ್ಕು ನಿಮಿಷ ಹಿಡಿಯುತ್ತದೆ. ಐದು ಕಾರ್ಡು, ಇಪ್ಪತ್ತು ನಿಮಿಷ. ಊಟದ ಬ್ರೇಕಿನಲ್ಲಿ ಮುಗಿಯುತ್ತದೆ.

ಕನ್ನಡದಿಂದ ಇಂಗ್ಲಿಷಿಗೆ ಹೋಗುವ ಈ ದಿಕ್ಕೇ ಮುಖ್ಯ. ಬರೆಯಲು ಕೂತಾಗ ತಲೆಯಲ್ಲಿ ಮೊದಲು ಏಳುವುದು ಕನ್ನಡದ ಕ್ರಿಯಾಪದ. ಆ ಒಂದು ಕ್ರಿಯಾಪದ ಇಂಗ್ಲಿಷಿನಲ್ಲಿ ಎಷ್ಟು ಕವಲೊಡೆಯುತ್ತದೆ ಅನ್ನುವುದು ಗೊತ್ತಿಲ್ಲದೆ ಎಲ್ಲ ಕಡೆಗೂ ಒಂದೇ ಪದ ತುರುಕುತ್ತೇವೆ. ‘ಒಪ್ಪಿಕೊಳ್ಳು’ ತೆಗೆದುಕೊಳ್ಳಿ. ನಮಗೆ ಅದಕ್ಕೆ ‘ಅಗ್ರೀ’, ಹೆಚ್ಚೆಂದರೆ ‘ಅಕ್ಸೆಪ್ಟ್’. ಆದರೆ ಆಫೀಸಿನಲ್ಲಿ ಒಪ್ಪುವ ಬಗೆ ಎಷ್ಟು?

ಅಭಿಪ್ರಾಯ ಹೊಂದಿದರೆ ಅಗ್ರೀ: ವ್ಯಕ್ತಿಯ ಮುಂದೆ ‘ವಿತ್’, ಪ್ರಸ್ತಾವದ ಮುಂದೆ ‘ಟು’, ತಾರೀಖಿನ ಮುಂದೆ ‘ಆನ್’. ಕೊಟ್ಟದ್ದನ್ನು ತೆಗೆದುಕೊಂಡರೆ ಅಕ್ಸೆಪ್ಟ್, ಅದರ ಮುಂದೆ ಆಫರ್, ಇನ್ವಿಟೇಷನ್ ತರಹದ ನಾಮಪದ ಬೇಕು. ‘ಅಕ್ಸೆಪ್ಟೆಡ್ ಟು ಕಮ್’ ಆಗುವುದಿಲ್ಲ, ಅಲ್ಲಿ ‘ಅಗ್ರೀಡ್ ಟು ಕಮ್’. ನಮ್ಮ ತಪ್ಪನ್ನು ಒಪ್ಪಿಕೊಂಡರೆ ಅಡ್ಮಿಟ್. ವಾದದಲ್ಲಿ, ‘ಹೌದಪ್ಪ, ಆ ಮಾತು ನಿಮ್ಮದೇ ಸರಿ’ ಅಂತ ಒಂದು ಹೆಜ್ಜೆ ಬಿಟ್ಟುಕೊಟ್ಟರೆ ಕನ್ಸೀಡ್. ನಮ್ಮ ವಿಷಯದಲ್ಲಿ ಇನ್ನೊಬ್ಬರು ಏನಾದರೂ ಮಾಡಲು ಅನುಮತಿ ಕೊಟ್ಟರೆ ಕನ್ಸೆಂಟ್, ಮುಂದೆ ‘ಟು’. ಮೇಲಿನವರು ರಜೆಗೋ ಬಜೆಟ್ಟಿಗೋ ಒಪ್ಪಿದರೆ ಅಪ್ರೂವ್. ಇಲ್ಲಿ ‘ಆಫ್’ ಸೇರಿಸಿದರೆ ಅರ್ಥ ಕೆಡುತ್ತದೆ, ‘ಅಪ್ರೂವ್ ಆಫ್’ ಅಂದರೆ ‘ಸರಿ ಕಾಣುತ್ತದೆ, ಮೆಚ್ಚುತ್ತೇನೆ’ ಅಂತ, ಸಹಿ ಹಾಕಿದಂತೆ ಅಲ್ಲ. ತಜ್ಞರ ಅಭಿಪ್ರಾಯಕ್ಕೆ ಗಂಭೀರವಾಗಿ ದನಿಗೂಡಿಸಿದರೆ ಕನ್ಕರ್. ಬಹಿರಂಗವಾಗಿ ನಮ್ಮ ಹೆಸರಿಟ್ಟು ಬೆಂಬಲಿಸಿದರೆ ಎಂಡಾರ್ಸ್. ಚೆಕ್ಕಿನ ಹಿಂದೆ ಸಹಿ ಹಾಕುವುದಕ್ಕೂ ಅದೇ ಪದ ಅನ್ನುವುದು ಬ್ಯಾಂಕ್ ಕಂಡವರಿಗೆ ಗೊತ್ತು.

ಒಂಬತ್ತನೆಯದು ಅಕ್ನಾಲೆಜ್, ಜಾಸ್ತಿ ಜನ ಎಡವುವುದು ಇದರಲ್ಲಿ.

‘ಮೇಡಂ, ಡೇಟ್ ಮುಂದಕ್ಕೆ ಹಾಕಿ ಅಂತ ಕೇಳಿದ್ವಲ್ಲ, ಕ್ಲೈಂಟ್ ಅಕ್ನಾಲೆಜ್ ಮಾಡಿದ್ದಾರೆ. ಒಪ್ಪಿದ ಹಾಗೇ ಅಲ್ವಾ?’

‘ಇಲ್ಲಪ್ಪ, ಮೇಲ್ ಸಿಕ್ತು ಅಂದಿದ್ದಾರೆ ಅಷ್ಟೇ. ಡೇಟ್ ಬಗ್ಗೆ ಇನ್ನೂ ಏನೂ ಹೇಳಿಲ್ಲ. ಹಳೇ ಡೇಟಿಗೇ ಕೆಲಸ ನಡೀಲಿ.’

ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಾಗ ಸಿಗುವ ಸ್ವೀಕೃತಿ ಚೀಟಿ ನೆನಪಿಸಿಕೊಳ್ಳಿ. ಚೀಟಿ ಕೈಗೆ ಬಂತು ಅಂದರೆ ಸರ್ಟಿಫಿಕೇಟ್ ಬಂದಂತೆ ಅಂತ ಯಾರೂ ಅಂದುಕೊಳ್ಳುವುದಿಲ್ಲ. ಆ ಚೀಟಿಯೇ ಅಕ್ನಾಲೆಜ್‌ಮೆಂಟ್. ನಿಜ ಹೇಳಬೇಕೆಂದರೆ ಕಚೇರಿ ಕನ್ನಡಕ್ಕೆ ಈ ಭೇದಗಳೆಲ್ಲ ಚೆನ್ನಾಗಿ ಗೊತ್ತು: ಸ್ವೀಕೃತಿ, ಅಂಗೀಕಾರ, ಅನುಮೋದನೆ, ಸಮ್ಮತಿ, ಸಹಮತ. ನಾವು ಮಾತಿನಲ್ಲಿ ಅವನ್ನು ಬಳಸುವುದಿಲ್ಲ ಅಷ್ಟೇ. ಹಾಗಾಗಿ ಕಾರ್ಡಿನಲ್ಲಿ ಅಪ್ರೂವ್ ಪಕ್ಕ ‘ಅನುಮೋದಿಸು’, ಕನ್ಸೆಂಟ್ ಪಕ್ಕ ‘ಸಮ್ಮತಿ’ ಅಂತ ಬರೆದರೆ ಎರಡೂ ಒಟ್ಟಿಗೆ ತಲೆಯಲ್ಲಿ ಕೂರುತ್ತವೆ.

ಹೀಗೆ ಹಿಡಿಯಬೇಕಾದ ಕನ್ನಡ ಕ್ರಿಯಾಪದ ಇಪ್ಪತ್ತೋ ಇಪ್ಪತ್ತೈದೋ ಇವೆ. ‘ತಪ್ಪಿಸು’ ಇನ್ನೊಂದು ದೊಡ್ಡದು: ನಾವೇ ದೂರ ಉಳಿದರೆ ಅವಾಯ್ಡ್, ಆಗದಂತೆ ತಡೆದರೆ ಪ್ರಿವೆಂಟ್, ಇನ್ನೇನು ಆಗಲಿದ್ದದ್ದನ್ನು ಕೊನೇ ಗಳಿಗೆಯಲ್ಲಿ ತಪ್ಪಿಸಿದರೆ ಅವರ್ಟ್, ತೆರಿಗೆ ತಪ್ಪಿಸಿದರೆ ಇವೇಡ್, ಮೀಟಿಂಗ್ ತಪ್ಪಿಸಿದರೆ ಸ್ಕಿಪ್. ‘ಹೇಳು’, ‘ಕೇಳು’, ‘ನೋಡು’, ‘ಬಿಡು’, ‘ಮುಗಿಸು’, ‘ಸರಿಮಾಡು’ ಇವನ್ನೂ ಒಂದೊಂದು ವಾರ ಬಿಡಿಸುತ್ತಾ ಕೂತೆವು. ಸರಿಮಾಡು ಅನ್ನುವುದಕ್ಕೆ ರೆಕ್ಟಿಫೈ, ರಿಸಾಲ್ವ್, ರೆಮಿಡಿ, ಅಮೆಂಡ್, ರೆಕನ್ಸೈಲ್. ಕೊನೆಯದು ಎರಡು ಲೆಕ್ಕ ತಾಳೆಹಾಕಿ ಸರಿಮಾಡುವುದು, ಅಕೌಂಟ್ಸಿನವರಿಗೆ ತಿಂಗಳ ಕೊನೆಯಲ್ಲಿ ಅದೇ ಪಾಡು.

ಜೊತೆಗಾರ ಪದಗಳನ್ನು ಎಲ್ಲಿ ನೋಡುವುದು? ಕನ್ನಡ ಕಲಿಯುವವರಿಗೆ, ಕನ್ನಡ ಪದದ ಅರ್ಥ ಬೇಕಾದವರಿಗೆ ವಿ. ಕೃಷ್ಣ ಅವರ ಅಲರ್ ನಿಘಂಟು ಅಂತರ್ಜಾಲದಲ್ಲಿ ಪುಕ್ಕಟೆ ಇದೆ, ಒಂದು ಕನ್ನಡ ಪದಕ್ಕೆ ಇಂಗ್ಲಿಷಿನ ಹಲವು ಕವಲು ಕಾಣಲು ಅದು ಒಳ್ಳೆಯ ಮೆಟ್ಟಿಲು. ಆದರೆ ಬಳಕೆ ನೋಡಲು ಇಂಗ್ಲಿಷ್ ಕಲಿಯುವವರಿಗಾಗಿಯೇ ಮಾಡಿದ ನಿಘಂಟು ಬೇಕು. ಲಾಂಗ್‌ಮನ್ ನಿಘಂಟು 1978ರಿಂದಲೂ ಸುಮಾರು ಎರಡು ಸಾವಿರ ಸರಳ ಪದಗಳಲ್ಲೇ ಎಲ್ಲ ಅರ್ಥ ಬರೆಯುವ ನೇಮ ಇಟ್ಟುಕೊಂಡಿದೆ. ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ಹುಟ್ಟಿದ್ದು ಇಂಗ್ಲೆಂಡಿನಲ್ಲಲ್ಲ, ಜಪಾನೀ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದ ಎ.ಎಸ್. ಹಾರ್ನ್‌ಬಿ ಮತ್ತವರ ಜೊತೆಯವರು 1942ರಲ್ಲಿ ಟೋಕಿಯೋದಲ್ಲಿ ಹೊರತಂದ ನಿಘಂಟಿನಿಂದ. ಹೊರಗಿನಿಂದ ಬಂದವರಿಗೆ ಯಾವುದು ತೊಡಕು ಅಂತ ಗೊತ್ತಿದ್ದವರು ಮಾಡಿದ್ದು ಅನ್ನುವುದು ಅದರ ಪ್ರತಿ ಪುಟದಲ್ಲೂ ಕಾಣುತ್ತದೆ. ಇವುಗಳ ಜೊತೆ ಸ್ಕೆಲ್ ಅನ್ನುವ ಪುಕ್ಕಟೆ ತಾಣ. ಅದರಲ್ಲಿ ‘ಡಿಸ್ಕ್ರೆಪೆನ್ಸಿ’ ಅಂತ ಹಾಕಿದರೆ ಅದರ ಹಿಂದೆ ಮುಂದೆ ಯಾವ ಪದಗಳು ಹೆಚ್ಚು ಬರುತ್ತವೆ ಅಂತ ನಿಜವಾದ ವಾಕ್ಯಗಳಿಂದ ತೆಗೆದು ತೋರಿಸುತ್ತದೆ. ಪದವನ್ನು ಅದರ ಸಹವಾಸದಿಂದ ಗುರುತಿಸಬೇಕು ಅಂತ 1957ರಲ್ಲೇ ಬರೆದ ಬ್ರಿಟಿಷ್ ಭಾಷಾವಿಜ್ಞಾನಿ ಜೆ.ಆರ್. ಫರ್ತ್ ಕೂಡ ಹಿಂದೆ ಲಾಹೋರಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವರು.

ಸಹವಾಸದ ತಪ್ಪುಗಳಲ್ಲಿ ನಮ್ಮದೇ ಆದ ಒಂದು ಜಾತಿ ಇದೆ. ಅದಕ್ಕೆ ಕಾರಣ ಕನ್ನಡದ ವಿಭಕ್ತಿ. ‘ಅವರಿಗೆ ತಿಳಿಸಿ’ ಅನ್ನುವಾಗ ಇರುವ ‘ಗೆ’ ಇಂಗ್ಲಿಷಿಗೆ ಹೋಗಿ ‘ಟು’ ಆಗಿ ಕೂರುತ್ತದೆ: ‘ಇನ್‌ಫಾರ್ಮ್ ಟು ದೆಮ್’. ಇನ್‌ಫಾರ್ಮ್, ನೋಟಿಫೈ, ಅಪ್ರೈಸ್ ಇವಕ್ಕೆ ‘ಟು’ ಬೇಡ, ನೇರವಾಗಿ ವ್ಯಕ್ತಿ. ಎಕ್ಸ್‌ಪ್ಲೇನ್‌ಗೆ ಅದೇ ‘ಟು’ ಬೇಕು, ಅಲ್ಲಿ ನಾವು ‘ಎಕ್ಸ್‌ಪ್ಲೇನ್ ಮಿ’ ಅಂತ ಬಿಟ್ಟುಬಿಡುತ್ತೇವೆ. ‘ಬಗ್ಗೆ’ ಹೋಗಿ ‘ಡಿಸ್ಕಸ್ ಅಬೌಟ್’ ಆಗುತ್ತದೆ. ಡಿಸ್ಕಸ್‌ನ ಹೊಟ್ಟೆಯಲ್ಲೇ ‘ಬಗ್ಗೆ’ ಇದೆ. ‘ಕೋಪ್ ಅಪ್ ವಿತ್’, ‘ಕಂಪ್ರೈಸಸ್ ಆಫ್’, ‘ಅಪ್‌ಡೇಷನ್’ ಇವನ್ನೂ ಇದೇ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆದುಕೊಳ್ಳಿ. ಅಪ್ರೈಸ್ ಅಂದೆನಲ್ಲ, ಅದು ಎರಡು ಇವೆ: ಮಧ್ಯದಲ್ಲಿ ಐ ಇರುವುದು ತಿಳಿಸುವುದು, ಎ-ಐ ಇರುವುದು ಬೆಲೆ ಕಟ್ಟುವುದು. ಮಾರ್ಚಿ, ಏಪ್ರಿಲ್ ಹೊತ್ತಿಗೆ ಎಲ್ಲರ ಬಾಯಲ್ಲಿರುವ ಅಪ್ರೈಸಲ್ ಎರಡನೆಯದು.

ಇನ್ನು ಉಚ್ಚಾರ. ಕಾರ್ಡಿನಲ್ಲಿ ಪದವನ್ನು ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುವುದು ಒಳ್ಳೆಯ ಅಭ್ಯಾಸವೇ, ಇಂಗ್ಲಿಷ್ ಸ್ಪೆಲ್ಲಿಂಗಿಗಿಂತ ನಮ್ಮ ಲಿಪಿ ಪ್ರಾಮಾಣಿಕ. ‘ಸಟಲ್’ ಅಂತ ಬರೆದಿಟ್ಟರೆ ಅಲ್ಲಿ ಬಿ ನುಸುಳುವುದಿಲ್ಲ, ‘ರಿಸೀಟ್’ನಲ್ಲಿ ಪಿ ಕೇಳುವುದಿಲ್ಲ. ಆದರೆ ನಮ್ಮ ಲಿಪಿ ಒಂದನ್ನು ತೋರಿಸುವುದಿಲ್ಲ, ಒತ್ತು ಎಲ್ಲಿ ಬೀಳುತ್ತದೆ ಅನ್ನುವುದನ್ನು. ‘ಡಿಫರ್’ ಅಂತ ಬರೆಯಿರಿ. ಅದು ಯಾವುದು? ಮೊದಲ ಅಕ್ಷರಕ್ಕೆ ಒತ್ತು ಕೊಟ್ಟು, ಉಳಿದದ್ದನ್ನು ನುಂಗಿದರೆ ‘ಭಿನ್ನವಾಗು’. ಮೊದಲನೆಯದನ್ನು ಹಗುರ ಮಾಡಿ ಎರಡನೆಯದನ್ನು ಎಳೆದರೆ, ‘ಡಿಫರ್‍ರ್’, ‘ಮುಂದೂಡು’. ಪೇಮೆಂಟ್ ಮುಂದೂಡೋಣ ಅಂದದ್ದು ಪೇಮೆಂಟ್ ಬೇರೆಬೇರೆ ಆಗಿದೆ ಅಂತ ಕೇಳಿಸಿದರೆ ಫೋನಿನ ಆಚೆಯವರು ತಡವರಿಸುತ್ತಾರೆ. ಕನ್ನಡದಲ್ಲಿ ಎಲ್ಲ ಅಕ್ಷರಕ್ಕೂ ಹೆಚ್ಚುಕಮ್ಮಿ ಸಮ ತೂಕ ಕೊಟ್ಟು ಅಭ್ಯಾಸ. ಇಂಗ್ಲಿಷಿನಲ್ಲಿ ಒಂದೇ ಅಕ್ಷರ ಯಜಮಾನ. ಕಾರ್ಡಿನಲ್ಲಿ ಒತ್ತಿನ ಅಕ್ಷರದ ಕೆಳಗೆ ದಪ್ಪ ಗೆರೆ ಎಳೆಯಿರಿ. ಒಂದು ಸೂತ್ರ ನೂರಾರು ಪದಕ್ಕೆ ಕೆಲಸ ಮಾಡುತ್ತದೆ: ಪದದ ಕೊನೆಗೆ ‘ಷನ್’, ‘ಇಕ್’, ‘ಇಟಿ’ ಬಂದರೆ ಅದರ ಹಿಂದಿನ ಅಕ್ಷರಕ್ಕೆ ಒತ್ತು. ಫೀಸಿಬಲ್‌ನಲ್ಲಿ ಒತ್ತು ‘ಫೀ’ ಮೇಲೆ, ಫೀಸಿಬಿಲಿಟಿ ಆದಾಗ ‘ಬಿ’ ಮೇಲೆ.

ನಮ್ಮ ಇನ್ನೊಂದು ರೂಢಿ, ಎ ಮುಂದೆ ಯಕಾರ, ಓ ಮುಂದೆ ವಕಾರ: ಯೆಕ್ಸ್‌ಪಿಡೈಟ್, ವೋವರ್‌ಸೈಟ್. ಬಾಯಿ ತೆರೆಯುವ ಮೊದಲು ಅರ್ಧ ಸೆಕೆಂಡ್ ಉಸಿರು ಹಿಡಿದರೆ ಅದು ಹೋಗುತ್ತದೆ. ಯೂಗ್ಲಿಶ್ ತಾಣದಲ್ಲಿ ಪದ ಹಾಕಿದರೆ ಜನ ಮಾತಾಡುವ ವಿಡಿಯೋಗಳಲ್ಲಿ ಆ ಪದ ಬರುವ ಜಾಗಕ್ಕೇ ಕರೆದುಕೊಂಡು ಹೋಗುತ್ತದೆ. ಐದು ಜನರ ಬಾಯಲ್ಲಿ ಕೇಳಿ, ಆರನೆಯವರಾಗಿ ನೀವು ಹೇಳಿ.

ಕನ್ನಡದಲ್ಲಿ ಆಗಲೇ ಬೇರುಬಿಟ್ಟ ಇಂಗ್ಲಿಷ್ ಪದಗಳು ಬೇರೆ ತರಹದ ಬಲೆ. ಅವು ಗೊತ್ತು ಅಂದುಕೊಂಡೇ ಕಾರ್ಡು ಮಾಡುವುದಿಲ್ಲ. ಮೀಟಿಂಗಿನಲ್ಲಿ ‘ಐ ಹ್ಯಾವ್ ಎ ಡೌಟ್’ ಅಂದರೆ ನಮಗೆ ಒಂದು ಪ್ರಶ್ನೆ ಇದೆ ಅಂತ. ಹೊರದೇಶದವರಿಗೆ ನಿಮ್ಮ ಪ್ಲಾನಿನ ಮೇಲೆ ನಂಬಿಕೆ ಇಲ್ಲ ಅಂತ ಕೇಳಿಸುತ್ತದೆ. ‘ಸಾಲ ಸ್ಯಾಂಕ್ಷನ್ ಆಯ್ತು’ ಅನ್ನುವ ಸ್ಯಾಂಕ್ಷನ್ ಮಂಜೂರಾತಿ, ಪೇಪರಿನಲ್ಲಿ ಒಂದು ದೇಶದ ಮೇಲೆ ಹೇರುವ ಸ್ಯಾಂಕ್ಷನ್ಸ್ ನಿರ್ಬಂಧ. ‘ಸ್ಕೀಮ್’ ನಮಗೂ ಬ್ರಿಟಿಷರಿಗೂ ಯೋಜನೆ, ಅಮೆರಿಕದವರ ಕಿವಿಗೆ ಒಳಸಂಚಿನ ವಾಸನೆ. ‘ಸ್ವಲ್ಪ ಅಡ್ಜಸ್ಟ್ ಮಾಡಿ’ ಅನ್ನುವ ಬೆಂಗಳೂರಿನ ಮಹಾವಾಕ್ಯಕ್ಕೆ ಮೇಲ್‌ನಲ್ಲಿ ಸರಿಹೊಂದುವುದು ‘ಅಕಾಮಡೇಟ್’, ಸಿ ಎರಡು, ಎಂ ಎರಡು. ‘ಪ್ಲೀಸ್ ರಿವರ್ಟ್’ ಅನ್ನುವುದು ಉತ್ತರಿಸಿ ಅನ್ನುವ ಅರ್ಥದಲ್ಲಿ ಭಾರತದ ಆಫೀಸುಗಳಲ್ಲಿ ನಡೆಯುತ್ತದೆ. ಸಾಫ್ಟ್‌ವೇರಿನವರಿಗೆ ಮಾತ್ರ ಹಾಗೆ ಬರೆಯಬೇಡಿ, ಮಾಡಿದ ಬದಲಾವಣೆ ತೆಗೆದು ಹಿಂದಿನ ಸ್ಥಿತಿಗೆ ಹೋಗಿ ಅಂತ ಓದಿಕೊಂಡಾರು. ಪ್ರಿಪೋನ್ ಬಗ್ಗೆ ನಗುವವರಿದ್ದಾರೆ, ನಮಗೇನೂ ನಾಚಿಕೆ ಇಲ್ಲ, ಅದು ಚೊಕ್ಕ ಪದ. ಆದರೆ ಹೊರಗಿನವರಿಗೆ ‘ಬ್ರಿಂಗ್ ಫಾರ್ವರ್ಡ್’ ಅಂದರೆ ಬೇಗ ಅರ್ಥವಾಗುತ್ತದೆ. ‘ಟೇಬಲ್’ ಅನ್ನುವುದನ್ನಂತೂ ಲಂಡನ್, ನ್ಯೂಯಾರ್ಕ್ ಎರಡೂ ಕಡೆ ಕ್ಲೈಂಟ್ ಇರುವವರು ಮುಟ್ಟದಿರುವುದೇ ಕ್ಷೇಮ: ವಿಷಯವನ್ನು ಟೇಬಲ್ ಮಾಡೋಣ ಅಂದರೆ ಬ್ರಿಟನ್ನಿನಲ್ಲಿ ಈಗ ಚರ್ಚಿಸೋಣ, ಅಮೆರಿಕದಲ್ಲಿ ಈಗ ಬೇಡ, ಪಕ್ಕಕ್ಕಿಡೋಣ.

ನೂರು ಪದ ದಾಟಿದ ಮೇಲೆ ಹೊಸ ಕಾಯಿಲೆ ಅಂಟುತ್ತದೆ. ಕಲಿತದ್ದನ್ನೆಲ್ಲ ಒಂದೇ ಮೇಲ್‌ಗೆ ಸುರಿಯುವುದು. ‘ಸ್ಟಾರ್ಟ್’ ಇದ್ದ ಕಡೆ ‘ಕಮೆನ್ಸ್’, ‘ಯೂಸ್’ ಇದ್ದ ಕಡೆ ‘ಯುಟಿಲೈಜ್’, ‘ಫೈಂಡ್ ಔಟ್’ ಇದ್ದ ಕಡೆ ‘ಅಸರ್ಟೇನ್’. ಪಕ್ಕದ ಸೀಟಿನವರಿಗೆ ಕಳಿಸುವ ಮೇಲ್ ಸರ್ಕಾರಿ ಆದೇಶದಂತೆ ಕಾಣುತ್ತದೆ. ಕನ್ನಡದವರಿಗೆ ಇದನ್ನು ತಿಳಿಯುವುದು ಸುಲಭ. ‘ಕೆಲಸ ಶುರು ಮಾಡೋಣ’ ಅನ್ನುವ ಕಡೆ ಯಾರಾದರೂ ‘ಕಾರ್ಯವನ್ನು ಪ್ರಾರಂಭಿಸೋಣ’ ಅಂದರೆ ಹೇಗಿರುತ್ತದೋ ಹಾಗೆ. ನಮ್ಮಲ್ಲಿ ಸಂಸ್ಕೃತದ ಪದಗಳು ಕೂರುವ ಪೀಠದಲ್ಲಿ ಇಂಗ್ಲಿಷಿನಲ್ಲಿ ಲ್ಯಾಟಿನ್, ಫ್ರೆಂಚ್ ಮೂಲದ ಪದಗಳು ಕೂರುತ್ತವೆ. ಕಾರ್ಡಿನ ಮೂಲೆಯಲ್ಲಿ ‘ಶುರು’ ಅಥವಾ ‘ಪ್ರಾರಂಭ’ ಅಂತ ಗುರುತು ಹಾಕುವ ಪದ್ಧತಿ ಇಟ್ಟುಕೊಂಡೆವು. ‘ಶುರು’ ಅಂದರೆ ಮಾತಿಗೆ, ಚಾಟಿಗೆ. ‘ಪ್ರಾರಂಭ’ ಅಂದರೆ ರಿಪೋರ್ಟಿಗೆ, ಕರಾರಿಗೆ.

ಶಾಲೆಯಲ್ಲಿ ಕಲಿತ ಇಂಗ್ಲಿಷಿನಿಂದ ಬಂದವರಿಗೆ ‘ಪ್ರಾರಂಭ’ದ ಪದಗಳು ಪರವಾಗಿಲ್ಲ, ಸಿಗುತ್ತವೆ. ನಿಜವಾಗಿ ಮೇಲ್ಮಟ್ಟದ್ದು ಅಂದರೆ ‘ಶುರು’ವಿನವು: ರೂಲ್ ಔಟ್, ಫೇಸ್ ಔಟ್, ಐಯರ್ನ್ ಔಟ್, ಸೈನ್ ಆಫ್, ಫ್ಯಾಕ್ಟರ್ ಇನ್, ಪುಷ್ ಬ್ಯಾಕ್, ಲುಕ್ ಇಂಟು. ಒಂದೊಂದೂ ಚಿಕ್ಕ ಪದಗಳ ಜೋಡಿ, ಬಿಡಿಸಿದರೆ ಅರ್ಥ ಹೊರಡುವುದಿಲ್ಲ. ‘ಪುಷ್ ಬ್ಯಾಕ್ ಆನ್ ದ ಡೆಡ್‌ಲೈನ್’ ಅಂದರೆ ಆ ಗಡುವಿಗೆ ತಕರಾರು ತೆಗೆಯುವುದು. ‘ಪುಷ್ ಬ್ಯಾಕ್ ದ ಡೆಡ್‌ಲೈನ್’ ಅಂದರೆ ಗಡುವನ್ನೇ ಮುಂದೂಡುವುದು. ನಡುವಿನ ಒಂದು ‘ಆನ್’ ಅಷ್ಟು ಕೆಲಸ ಮಾಡುತ್ತದೆ. ಐದು ಪದಗಳ ದಿನದ ಕೋಟಾದಲ್ಲಿ ಎರಡು ಇಂಥವಿರಲಿ.

ಬಳಸುವ ಕ್ರಮಕ್ಕೂ ಒಂದು ಮೆಟ್ಟಿಲಿದೆ. ಹೊಸ ಪದ ಮೊದಲು ಮೇಲ್‌ನಲ್ಲಿ, ಯಾಕೆಂದರೆ ಕಳಿಸುವ ಮುಂಚೆ ನಿಘಂಟು ನೋಡಲು ಸಮಯವಿರುತ್ತದೆ. ಒಂದು ಮೇಲ್‌ಗೆ ಒಂದೇ. ಆಮೇಲೆ ಚಾಟ್. ಕೊನೆಗೆ ಮಾತು, ಅದೂ ಮೊದಲು ದಿನದ ಹತ್ತು ನಿಮಿಷದ ಸ್ಟ್ಯಾಂಡಪ್ ಮೀಟಿಂಗಿನಲ್ಲಿ, ಹಿಂದಿನ ರಾತ್ರಿ ಮನಸ್ಸಿನಲ್ಲೇ ಕಟ್ಟಿಕೊಂಡ ಒಂದು ವಾಕ್ಯದೊಳಗೆ. ಮೂರು ಮೆಟ್ಟಿಲೂ ಹತ್ತಿದ ಪದದ ಕಾರ್ಡಿಗೆ ಮೂರು ಚುಕ್ಕಿ. ಚುಕ್ಕಿ ಇಲ್ಲದ ಕಾರ್ಡು 35ನೇ ದಿನದ ಪರೀಕ್ಷೆ ಪಾಸಾದರೂ ಕಲಿತ ಲೆಕ್ಕಕ್ಕೆ ಸೇರಿಸಲಿಲ್ಲ.

ತಿಂಗಳ ಕೊನೆಯ ಶನಿವಾರ ಡಬ್ಬಿ ಜಾಲಿಸುವುದು. ಒಂದೇ ಕಾರ್ಡು ಎಂಟು ಸಲ ಮರೆತರೆ ಆಂಕಿ ತಾನೇ ಅದಕ್ಕೆ ಜಿಗಣೆ ಅಂತ ಹೆಸರಿಡುತ್ತದೆ. ಕಾಗದದ ಡಬ್ಬಿಯವರು ಕಾರ್ಡಿನ ಮೂಲೆಯಲ್ಲಿ ಗೀಟು ಹಾಕಿ ಎಣಿಸಬೇಕು. ಜಿಗಣೆಗಳನ್ನು ಮೇಜಿನ ಮೇಲೆ ಹರಡಿದಾಗ ಸಾಮಾನ್ಯವಾಗಿ ಜೋಡಿಜೋಡಿಯಾಗಿ ಕಾಣುತ್ತವೆ: ಇಂಪ್ಲೈ ಮತ್ತು ಇನ್‌ಫರ್, ಎನ್ಶೂರ್ ಮತ್ತು ಅಶೂರ್, ಕಾಂಪ್ಲಿಮೆಂಟ್ ಎರಡೂ ಸ್ಪೆಲ್ಲಿಂಗಿನವು. ಒಂದೇ ವಾರ ಎರಡನ್ನೂ ಕಲಿತದ್ದರಿಂದ ಒಂದು ಇನ್ನೊಂದನ್ನು ತಿನ್ನುತ್ತಿರುತ್ತದೆ. ಜೋಡಿಯಲ್ಲಿ ಕೆಲಸಕ್ಕೆ ಹೆಚ್ಚು ಬರುವ ಒಂದನ್ನು ಉಳಿಸಿ, ಇನ್ನೊಂದನ್ನು ಲಕೋಟೆಗೆ ಹಾಕಿ ಎರಡು ತಿಂಗಳ ಮುಂದಿನ ತಾರೀಖು ಬರೆಯಿರಿ. ಜೋಡಿ ಇಲ್ಲದೆ ಒಂಟಿಯಾಗಿ ಬಿದ್ದಿರುವ ಜಿಗಣೆ ಹೆಚ್ಚಾಗಿ ಮೊದಲ ಎರಡು ವಾರದ 'ಕಠಿಣ ಪದ'ಗಳ ಪಟ್ಟಿಯಿಂದ ಬಂದದ್ದಾಗಿರುತ್ತದೆ. ಅದನ್ನು ಹರಿದು ಹಾಕಿ.